ವಾಸಿಯಾಗುತ್ತಲೇ ಇದ್ದ ತಮ್ಮ

ನಮ್ಮ ಅತ್ತಿಗೆಯ ಚಿಕ್ಕಮ್ಮನ ಮಗಳಿಗೆ ಆದದ್ದು ಇದು. ಆಕೆ ಸುಳ್ಳು ಹೇಳುವ ಪೈಕಿ ಅಲ್ಲ. ಹೇಳಬೇಕೆಂದರೂ ಅದಕ್ಕೆ ಬೇಕಾದ ಕಲ್ಪನೆ ಆಕೆಗಿಲ್ಲ. ಆಸ್ಪತ್ರೆಯಲ್ಲಿ ಕೋಡಿಂಗ್ ಕೆಲಸ. ಅಲ್ಲಿ ಎಲ್ಲರೂ ಕೋಡಕ್ಕ ಎಂದೇ ಕರೆಯುತ್ತಾರೆ.

ಆ ರಾತ್ರಿ ಕೆಲಸ ಮುಗಿಸಿ ನಡೆದು ಬರುತ್ತಿದ್ದಳು. ರೈಲ್ವೆ ಗೇಟಿಗಿಂತ ಸ್ವಲ್ಪ ಮೊದಲು ಒಂದು ಹಾಳು ಬಾವಿ. ಬಾಯಿಗೆ ಕಬ್ಬಿಣದ ಜಾಲರಿ ಹಾಕಿದ್ದಾರೆ. ಅಲ್ಲಿಗೆ ಬಂದಾಗ ಹಿಂದಿನಿಂದ ಒಂದು ಸದ್ದು...

ಝೀ... ಈ... ಸೊಳ್ಳೆಗಿಂತ ದಪ್ಪ, ಮಿಕ್ಸಿಗಿಂತ ತೆಳು. ನಡುನಡುವೆ ಟಕ್... ಟಕ್... ಮಡ್‌ಗಾರ್ಡಿನ ಸ್ಕ್ರೂ ಸಡಿಲವಾದಾಗ ಬರುವಂಥದ್ದು.

ನಿಂತಳು. ಸದ್ದೂ ನಿಂತಿತು.

ನಡೆದಳು. ಟಕ್.

ತಿರುಗಿ ನೋಡಲಿಲ್ಲ. ಆ ಸ್ಕ್ರೂ ಬಿಗಿ ಮಾಡಿಸೋ ಎಂದು ತಮ್ಮನಿಗೆ ಹೇಳಿ ಹೇಳಿ ಆಕೆಯ ಬಾಯಿ ಸೋತಿತ್ತು. ಅದೇ ಗೇಟಿನಲ್ಲಿ, ನಿಂತು ಓಡಿಸುವ ಅವನ ಎಲೆಕ್ಟ್ರಿಕ್ ಸ್ಕೂಟರಿಗೆ ರೈಲು ಬಡಿದು, ಅವನು ಸತ್ತು ಆಗಲೇ ಎರಡು ವಾರ.

ಇಲ್ಲಿ ಆಕೆಯ ಕೆಲಸದ ಬಗ್ಗೆ ಎರಡು ಮಾತು ಹೇಳಲೇಬೇಕು. ಆಸ್ಪತ್ರೆಗೆ ಬರುವ ಪ್ರತಿ ಗಾಯಕ್ಕೂ ಒಂದು ಕೋಡ್ ಇರುತ್ತದೆ. ಗಿಳಿ ಕಚ್ಚಿದರೆ ಒಂದು, ಆಮೆ ಕಚ್ಚಿದರೆ ಇನ್ನೊಂದು. ನಿಂತು ಓಡಿಸುವ ಎಲೆಕ್ಟ್ರಿಕ್ ಸ್ಕೂಟರಿನವನಿಗೆ ರೈಲು ಬಡಿದರೆ ಅದಕ್ಕೂ ಒಂದಿದೆ. ಯಾವ ಪುಣ್ಯಾತ್ಮ ಮುಂಚೆಯೇ ಯೋಚಿಸಿಟ್ಟನೋ! ಇಂಥ ಕೋಡಿನ ಕೊನೆಗೆ ಒಂದು ಅಕ್ಷರ ಬರುತ್ತದೆ. ‘ಎ’ ಎಂದರೆ ಗಾಯ ಇನ್ನೂ ಹಸಿ, ಚಿಕಿತ್ಸೆ ನಡೆಯುತ್ತಿದೆ. ‘ಡಿ’ ಎಂದರೆ ವಾಸಿಯಾಗುತ್ತಿದೆ, ಮನುಷ್ಯ ಇನ್ನು ಆಗಾಗ ಬಂದು ತೋರಿಸಿಕೊಂಡು ಹೋಗುತ್ತಾನೆ. ಚಿಕಿತ್ಸೆ ನಡೆಯುವಾಗಲೇ ಸತ್ತವನಿಗೆ ‘ಎ’ಯೇ ಕೊನೆ. ಸತ್ತವನು ವಾಸಿಯಾಗುವುದಿಲ್ಲವಲ್ಲ.

ತಮ್ಮನಿಗೆ ಇದೆಲ್ಲ ತಮಾಷೆಯಾಗಿತ್ತು. "ನಂಗೇನಾದ್ರೂ ಆದ್ರೆ ಒಳ್ಳೇ ಫ್ಯಾನ್ಸಿ ನಂಬರ್ ಕೊಡೇ ಅಕ್ಕ" ಎನ್ನುತ್ತಿದ್ದ.

ಮನೆಯವರ ಕೇಸು ಬಂದರೆ ಮುಟ್ಟಬಾರದು, ಪಕ್ಕದ ಟೇಬಲ್ಲಿಗೆ ಕೊಡಬೇಕು ಎಂಬುದು ಅಲ್ಲಿನ ನಿಯಮ. ಅಪಘಾತದ ದಿನ ಡಾಕ್ಟರು ಐಸಿಯುವಿನಿಂದ ಹೊರಗೆ ಬಂದು, "ಬರಬೇಕಾದವರನ್ನೆಲ್ಲ ಕರೆಸಿಬಿಡಿ" ಎಂದರು. ಆಕೆ ಯಾರನ್ನೂ ಕರೆಸಲಿಲ್ಲ. ಸೀದಾ ತನ್ನ ಟೇಬಲ್ಲಿಗೆ ಹೋಗಿ ತಮ್ಮನ ಕೋಡ್ ತಾನೇ ಹಾಕಿದಳು. ಕೊನೆಗೆ ‘ಡಿ’ ಒತ್ತಿದಳು. ಮುಳುಗುವವನಿಗೆ ಹುಲ್ಲುಕಡ್ಡಿ ಆಸರೆ ಎನ್ನುತ್ತಾರೆ. ಆಕೆಯ ಕೈಗೆ ಸಿಕ್ಕ ಹುಲ್ಲುಕಡ್ಡಿ ಕೀಬೋರ್ಡಿನಲ್ಲಿತ್ತು.

ಬೆಳಗಾಗುವಷ್ಟರಲ್ಲಿ ಅವನು ಹೋಗಿಬಿಟ್ಟ. ಅಕ್ಷರವನ್ನು ಆಕೆ ತಿದ್ದಲಿಲ್ಲ. ಕೈ ಬರಲಿಲ್ಲ. ಯಾರೂ ಗಮನಿಸಲೂ ಇಲ್ಲ. ವಾಸಿಯಾಗುತ್ತಿರುವವನ ಬಗ್ಗೆ ಆಸ್ಪತ್ರೆ ತಲೆ ಕೆಡಿಸಿಕೊಳ್ಳುವುದಿಲ್ಲ.

ಬಾವಿಯ ಹತ್ತಿರ ಸದ್ದು ಕೇಳಿದ ಮರುದಿನ ಕ್ಯಾಂಟೀನಿನಲ್ಲಿ ಫಿಸಿಯೋಥೆರಪಿಯವನು ಎದುರಾದ. ಒಂದು ತಿಂಗಳ ರಜೆ ಮುಗಿಸಿ ಬಂದಿದ್ದ. ಸಾವಿನ ಸುದ್ದಿ ಅವನ ಕಿವಿಗೆ ಬಿದ್ದಿರಲಿಲ್ಲ.

"ಏನ್ ಕೋಡಕ್ಕ, ನೆನ್ನೆ ಸಂಜೆ ನಿಮ್ಮ ತಮ್ಮ ಬಂದಿದ್ದ. ಮಂಡಿ ಮಡಿಸೋದು ಹೇಳ್ಕೊಟ್ಟೆ. ಕಾಲು ಒಳ್ಳೇ ಐಸು ಇದ್ದಂಗಿದೆ. ಸಾಕ್ಸ್ ಹಾಕ್ಕೊಂಡು ಬರೋಕೆ ಹೇಳಿ."

ಆಕೆ ಕೈಯ ಲೋಟ ಪಕ್ಕಕ್ಕೆ ಸರಿಸಿದಳು.

"ಏನಂದ?"

"ಮಾತು ಕಮ್ಮಿ ಬಿಡಿ. ಅಕ್ಕನ ಮೇಲೆ ಹೋಗಿಲ್ಲ."

ಆಕೆ ಹೆದರಬೇಕಿತ್ತು. ಹೆದರಲಿಲ್ಲ... ಖುಷಿಪಟ್ಟಳು. ಕೆಲಸದ ಹೊತ್ತು ಮುಗಿಯುವುದನ್ನೇ ಕಾದು, ರಾತ್ರಿ ಬಾವಿಯ ಹತ್ತಿರ ಬಂದು ನಿಂತಳು.

ಝೀ... ಈ... ಟಕ್.

ಈ ಸಲ ತಿರುಗಿದಳು. ಬೀದಿದೀಪದ ಬೆಳಕು ಮುಗಿಯುವಲ್ಲಿ ನಿಂತಿದ್ದ. ಒಂದು ಕೈ ಹ್ಯಾಂಡಲಿನ ಮೇಲೆ.

"ಬಂದ್ಯಾ?" ಪಿಸುಗುಟ್ಟಿದಳು.

"ಕರೆಸ್ಕೊಂಡಿದ್ದೀಯಲ್ಲ."

"ಮನೆಗೆ ಬಾರೋ. ಅಮ್ಮ ಊಟಾನೇ ಬಿಟ್ಟಿದ್ದಾಳೆ."

"ಆಗಲ್ಲ. ಆಸ್ಪತ್ರೆ, ಗೇಟು. ಗೇಟು, ಆಸ್ಪತ್ರೆ... ಅಷ್ಟೇ."

"ನೋಯ್ತಿದೆಯಾ?"

ಅವನು ಒಂದು ಹೆಜ್ಜೆ ಮುಂದಿಟ್ಟ. ಕರ್... ಕರ್... ಮೂಳೆಗೆ ಮೂಳೆ ಉಜ್ಜುವ ಸದ್ದು.

"ವಾಸಿಯಾಗ್ತಿದೆ ಅಕ್ಕ. ಆಗ್ತಾನೇ ಇದೆ... ಮುಗೀತಾನೇ ಇಲ್ಲ."

"ಇನ್ನೊಂಚೂರು ದಿನ ತಡ್ಕೊಳೋ. ನನಗೋಸ್ಕರ."

"ಎಷ್ಟು ದಿನ?"

‘ಡಿ’ಗೆ ಇಂಥ ದಿನ ಮುಗಿಯಿತು ಎಂಬುದಿಲ್ಲ. ಅದು ಆಕೆಗಿಂತ ಚೆನ್ನಾಗಿ ಯಾರಿಗೆ ಗೊತ್ತು?

"ಸಾಕು ಮಾಡೇ ಅಕ್ಕ" ಎಂದ. ಚಿಕ್ಕವನಿದ್ದಾಗ ಕಚಗುಳಿ ಇಟ್ಟರೆ ಹೀಗೇ ಅನ್ನುತ್ತಿದ್ದ. ಈಗ ನಗು ಇರಲಿಲ್ಲ.

ಆಕೆ ಬಂದ ದಾರಿಯಲ್ಲೇ ಓಡಿದಳು. ಆಸ್ಪತ್ರೆಯ ಬಾಗಿಲಲ್ಲಿ ಕಾವಲುಗಾರ, "ಏನಮ್ಮ, ಮನೆಯಿಂದ ಓಡಿಸಿದ್ರಾ?" ಎಂದ. ಆಕೆ ಸೀದಾ ಒಳಗೆ ನುಗ್ಗಿದಳು. ಕತ್ತಲ ಕೋಣೆಯಲ್ಲಿ ಕಂಪ್ಯೂಟರು ಗುಂಯ್ ಎಂದು ಎದ್ದಿತು.

ಒಂದು ಅಕ್ಷರ ತಿದ್ದುವುದು ಏನು ಮಹಾ? ದಿನಾ ಬೆಳಗಾದರೆ ಅದೇ ಕೆಲಸ. ಹಾಗೇ ಬಿಟ್ಟರೆ ತಮ್ಮ ಬರುತ್ತಲೇ ಇರುತ್ತಾನೆ, ಆ ಟಕ್ ಟಕ್ ಜೀವಮಾನವಿಡೀ ಕೇಳಬಹುದು. ತಿದ್ದಿದರೆ... ರೈಲು ಮಾಡಿದ್ದನ್ನು ತಾನು ಇನ್ನೊಂದು ಸಲ ಮಾಡಿದಂತೆ. ಕೊನೆಗೆ ‘ಡಿ’ ಅಳಿಸಿ ‘ಎ’ ಒತ್ತಿದಳು.

ಬದಲಾವಣೆ ಖಚಿತವೇ, ಎಂದು ಕಂಪ್ಯೂಟರು ಕೇಳಿತು. ಈ ಎರಡು ವಾರದಲ್ಲಿ ಯಾವ ನೆಂಟರೂ ಆಕೆಯನ್ನು ಇಷ್ಟು ನೇರವಾಗಿ ಏನನ್ನೂ ಕೇಳಿರಲಿಲ್ಲ.

"ಹೋಗೋ" ಎಂದಳು, ಒತ್ತಿದಳು. ಆಮೇಲೆ ಟೇಬಲ್ಲಿನ ಮೇಲೆ ತಲೆಯಿಟ್ಟು, ಕಾವಲುಗಾರ ಬಂದು ಎಬ್ಬಿಸುವವರೆಗೂ ಅತ್ತಳು.

ಮತ್ತೆ ಮನೆಗೆ ಹೊರಟಾಗ ಬಾವಿಯ ಹತ್ತಿರ ಏನೂ ಇರಲಿಲ್ಲ. ಗೇಟು ಮಾತ್ರ ಹಾಕಿತ್ತು. ಆ ಹೊತ್ತಿನಲ್ಲಿ ಯಾವ ರೈಲೂ ಇಲ್ಲ. ಗೇಟಿನವನು ಟಾರ್ಚು ಹಿಡಿದು ಹೊರಗೇ ನಿಂತಿದ್ದ. ಆ ವಾರವಷ್ಟೇ ವರ್ಗವಾಗಿ ಬಂದವನು, ಅವನಿಗೆ ಅಪಘಾತದ ಸುದ್ದಿಯೂ ಗೊತ್ತಿಲ್ಲ.

"ಯಾಕಪ್ಪ ಗೇಟು ಹಾಕಿದ್ದೀಯ?"

"ಅದೇ ನೋಡಿ ತಾಯಿ... ಈಗ ಒಬ್ಬ ಹುಡುಗ ಬಂದ. ಗೇಟು ತೆಗೆದೇ ಇತ್ತು. ಆದ್ರೂ ಸ್ಕೂಟರ್ ಇಳಿದ, ಎರಡೂ ಕಡೆ ನೋಡಿದ, ತಳ್ಕೊಂಡು ದಾಟಿದ. ಇಷ್ಟು ವರ್ಷದ ಸರ್ವೀಸಲ್ಲಿ ಅಂಥವನನ್ನ ನಾನು ಕಂಡಿಲ್ಲ. ರೈಲು ಹೋಯ್ತಾ ಅಂತ ಕೇಳಿದ. ಹೋಯ್ತಪ್ಪ, ಇನ್ನು ಬೆಳಗಿನವರೆಗೂ ಯಾವುದೂ ಇಲ್ಲ ಅಂದೆ. ಆಚೆ ಹೋಗಿ ನಿಂತು, ಗೇಟು ಹಾಕ್ಬಿಡಿ ಅಂತ ಕೈ ಮಾಡಿದ."

"ನೀನು ಹಾಕಿದೆ."

"ಹಾಕಿದೆ. ಯಾಕೋ ಗೊತ್ತಿಲ್ಲ... ಹಾಕಬೇಕು ಅನ್ನಿಸ್ತು."

ನಡೆದದ್ದು ನಡೆದ ಹಾಗೇ ಹೇಳಿದ್ದೇನೆ. ಗೇಟಿನವನು ಈಗಲೂ ಅಲ್ಲೇ ಇದ್ದಾನೆ, ಬೇಕಾದರೆ ಕೇಳಿ. ಆ ರಾತ್ರಿ ರೈಲಿಲ್ಲದೆ ಗೇಟು ಹಾಕಿದ್ದಕ್ಕೆ ಮೇಲಿನವರು ಅವನಿಂದ ಲಿಖಿತ ವಿವರಣೆ ಕೇಳಿದರು. ಇಲ್ಲಿಯವರೆಗೂ ಬರೆದುಕೊಟ್ಟಿಲ್ಲ.