ಮರದಿಂದ ಬಿದ್ದ ಕ್ಯಾಚು

“ಹಲೋ... ಹಾಂ, ಯಾರು ಮಾತಾಡೋದು?... ಎಕ್ಸ್‌ಚೇಂಜಾ? ಮುಳಬಾಗಿಲಿಂದ ಟ್ರಂಕ್ ಕಾಲಾ? ಕೊಡಮ್ಮ, ಕೊಡು... ಯಾರು, ವೆಂಕಟ್ರಮಣನಾ? ಹೇಳಪ್ಪ, ನಾನೇ ನಿಮ್ ಭಾವ.”

ಹೆಂಡತಿಯ ತಮ್ಮ ಯಾಕೆ ಫೋನು ಮಾಡಿದ್ದಾನೆಂದು ಅಶ್ವತ್ಥಪ್ಪ ಮೇಷ್ಟ್ರಿಗೆ ಗೊತ್ತಿತ್ತು. ಎಂಬತ್ತೊಂದರ ಬೇಸಿಗೆ ಅದು. ಶ್ರೀನಿವಾಸಪುರದ ಆ ಬೀದಿಯಲ್ಲಿ ಫೋನಿದ್ದದ್ದು ದೊಡ್ಡಮುನಿಯಪ್ಪನ ಮಾವಿನ ಮಂಡಿಯಲ್ಲಿ ಮಾತ್ರ. ಮೇಷ್ಟ್ರು ಕಾಯಿಯ ರಾಶಿಯ ಪಕ್ಕ ನಿಂತು, ಮುಖ ಹಿಂಡಿಕೊಂಡು, ರಿಸೀವರನ್ನು ಕಿವಿಗೆ ಒತ್ತಿದರು.

“ನಿನ್ನೆ ಮ್ಯಾಚ್ ವಿಷಯನಾ?... ಹೌದಪ್ಪ, ಅಂಪೈರು ನಾನೇ, ನಾಟೌಟ್ ಕೊಟ್ಟಿದ್ದೂ ನಾನೇ. ಅದಕ್ಕೇನೀಗ?... ನಿಮ್ ಟೀಮು ಸೋತ್ರೆ ನಾನೇನ್ ಮಾಡ್ಲಿ?”

“...ಮರಕ್ಕೆ ತಗುಲಿ ಬೀಳೋ ಚೆಂಡು ಹಿಡಿದ್ರೂ ಔಟೇ, ಸರಿ. ಆಟಕ್ಕೆ ಮುಂಚೆ ಎರಡು ಕಡೆಯವರೂ ಒಪ್ಪಿದ್ರು. ಆದ್ರೆ ನಿನ್ ಮಗ ಕೋದಂಡ ಹಿಡಿದಿದ್ದು ಚೆಂಡಲ್ಲ ಕಣೋ, ಮಾವಿನಕಾಯಿ!”

“...ಏನಂದೆ? ಭಾರದ್ದೂ ಹಗುರದ್ದೂ ಒಟ್ಟಿಗೆ ಬೀಳುತ್ತೆ ಅಂತ ನಾನೇ ಪಾಠ ಮಾಡಿದ್ನಾ, ಅದಕ್ಕೇ ಕಾಯಿ ಜೊತೆಗೇ ಚೆಂಡೂ ಅವನ ಕೈಗೆ ಬಂತಾ? ಥೂ! ನನ್ ಪಾಠನ ನನಗೇ ತಿರುಗಿಸ್ತಾನಾ ಕೋದಂಡ? ಒಂದೇ ಎತ್ತರದಿಂದ ಒಂದೇ ಸಲ ಬಿಟ್ರೆ ಒಟ್ಟಿಗೆ ಬೀಳುತ್ತೆ ಅಂದಿದ್ದೆ. ಚೆಂಡು ಬಡಿದು ಕಾಯಿ ತೊಟ್ಟು ಮುರ್ಕೊಂಡು ನೆಟ್ಟಗೆ ಅವನ ಕೈಗೆ ಬಂತು. ಚೆಂಡು ಇನ್ನೂ ಮೇಲಕ್ಕೆ ಹೋಗಿ, ಕೊಂಬೆಗೆಲ್ಲ ತಗುಲ್ಕೊಂಡು, ಆಮೇಲೆ ಅವನ ಬೆನ್ನ ಹಿಂದೆ ನೆಲಕ್ಕೆ ಬಿತ್ತು. ಇವನು ಕಾಯಿ ಬಿಸಾಕಿ ಚೆಂಡು ಎತ್ಕೊಂಡ. ಕಣ್ಣಾರೆ ನೋಡಿದೀನಿ.”

“...ಸಂಜೆ ಕೋಲಾರಕ್ಕೆ ಬಂದು ಟೂರ್ನಮೆಂಟ್ ಕಮಿಟಿ ಮುಂದೆ ‘ನಂದೇ ತಪ್ಪು’ ಅನ್ನಬೇಕಾ? ಇಲ್ಲಾಂದ್ರೆ?... ಇಲ್ಲಾಂದ್ರೆ ಏನು, ಬಾಯ್ಬಿಟ್ಟು ಹೇಳು... ನಮ್ ಆದಿಲಕ್ಷ್ಮೀನ ತಂದ್ಕೊಳಲ್ವಾ?”

ಮಗಳನ್ನು ಸೋದರಮಾವನ ಮಗ ಕೋದಂಡನಿಗೇ ಕೊಡುವುದೆಂದು ಅವಳು ತೊಟ್ಟಿಲಲ್ಲಿದ್ದಾಗಲೇ ಮಾತಾಗಿತ್ತು. ಬರುವ ಶುಕ್ರವಾರ ತಾಂಬೂಲ ಬದಲಾಯಿಸುವುದಿತ್ತು. ತವರಿನವರು ಬರುತ್ತಾರೆಂದು ಹೆಂಡತಿ ವೆಂಕಟರತ್ನಮ್ಮ ಆಗಲೇ ಗೋಡೆಗೆ ಸುಣ್ಣ ಹೊಡೆಸಿದ್ದಳು. ಒಂದು ಆಟದ ಕಪ್ಪಿಗಾಗಿ ಇವನು ಹುಡುಗಿಯನ್ನು ಚೌಕಾಸಿಗಿಡುತ್ತಿದ್ದಾನಲ್ಲ ಎಂದು ಮೇಷ್ಟ್ರಿಗೆ ಹೇಸಿಗೆಯಾಯಿತು.

“...ಕೋದಂಡನ ಕೈಗೆ ಫೋನ್ ಕೊಡು. ಹಿಡಿದಿದ್ದು ಚೆಂಡೇ ಅಂತ ಅವನ ಬಾಯಲ್ಲೇ ಕೇಳ್ತೀನಿ... ಯಾಕೆ?... ಮಾತಾಡಕ್ಕಾಗಲ್ವಾ?... ಹಾಂ? ತುಟಿ ಊದ್ಕೊಂಡಿದ್ಯಾ? ಬೊಬ್ಬೆ ಎದ್ದಿದ್ಯಾ? ಯಾವಾಗಿಂದ?... ಜೇನುಹುಳ ಕಚ್ತು ಅಂದ್ನಾ!”

ಅಶ್ವತ್ಥಪ್ಪ ರಾಶಿಯಿಂದ ಒಂದು ಕಾಯಿ ಎತ್ತಿ ತೊಟ್ಟು ನೋಡಿದರು. ಸೊನೆ ಇನ್ನೂ ಒಸರುತ್ತಿತ್ತು.

“ಹುಳ ಅಲ್ಲ ಕಣೋ, ಸೊನೆ. ಹಿಡಿದ ಸಂಭ್ರಮದಲ್ಲಿ ಏನು ಎತ್ತ ಅಂತ ನೋಡ್ದೇನೆ ಲೊಚಲೊಚ ಮುತ್ತು ಕೊಟ್ನಲ್ಲ, ಊರೇ ನೋಡ್ತಲ್ಲ! ಚೆಂಡಿಗೆ ಮುತ್ತಿಟ್ರೆ ತುಟಿ ಸುಡುತ್ತೇನೋ? ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ನಿನ್ ಮಗ ತುಟಿ ಮುಟ್ಟಿ ನೋಡ್ಕೊಳ್ಲಿ.”

“...ಈಗ್ಯಾಕೆ ಮೆತ್ತಗಾದೆ?... ಹುಡುಗಾಟ ಅಂತೀಯಾ? ಕಾಯಿ ಹಿಡಿದಿದ್ದು ಹುಡುಗಾಟ, ಒಪ್ತೀನಿ. ಅದನ್ನ ಮುಚ್ಚಾಕಕ್ಕೆ ನನ್ ಮಗಳನ್ನ ಅಡ ಇಟ್ರಲ್ಲ ಅಪ್ಪ ಮಗ, ಅದು ಹುಡುಗಾಟನಾ? ಛೀ!... ಏನಮ್ಮ, ಮೂರು ನಿಮಿಷ ಆಯ್ತಾ? ತಡಿ, ಒಂದೇ ಮಾತು... ವೆಂಕಟ್ರಮಣ, ಶುಕ್ರವಾರ ಬರಬೇಡ. ನೀನು ಬಿಡೋದೇನು, ನಾನೇ ಹುಡುಗಿ ಕೊಡಲ್ಲ. ಕೇಳಿಸ್ತಾ?... ಹಲೋ?... ಕೇಳಿಸ್ತೇನೋ?... ಹಲೋ...”

ಲೈನು ಹೋಗಿತ್ತು. ಇದೇ ಮಾತನ್ನು ಇನ್ನು ಮನೆಗೆ ಹೋಗಿ ವೆಂಕಟರತ್ನಮ್ಮನಿಗೆ ಹೇಳಬೇಕಿತ್ತು.