ಮೊದಲನೇ ಲಾರಿ

...ಆಗಲ್ಲ ಅಂದ್ನಲ್ಲ. ನೋಡು, ಕೀ ತಿರುಗಿಸಿದ್ರೆ ಟಿಕ್ ಅಂತಾನೂ ಅನ್ನಲ್ಲ. ಸತ್ತು ಮಲಗಿದೆ ಲಾರಿ.

ಹಾರ್ನ್ ಹೊಡೀಲಿ ಬಿಡು. ಹಿಂದೆ ಹನ್ನೊಂದು ಲಾರಿ, ಹನ್ನೊಂದು ಹಾರ್ನ್. ಅವರಿಗೇನು. ಮೊದಲನೇ ಲಾರಿ ಗಾಲಿ ಉರುಳಿದ ಜಾಡಲ್ಲೇ ಬಂದ್ರೆ ಆಯ್ತು. ಮಣ್ಣಲ್ಲಿ ಬಾಂಬು ಹೂತಿದಾರೋ ಇಲ್ಲವೋ ಅಂತ ತುಳಿದು ನೋಡೋದು ಮುಂದಿನವನ ಪಾಲು. ಇವತ್ತು ನನ್ನ ಸರದಿ.

ಗೊತ್ತು ಮಗಳೇ. ಗಡೀಲಿ ಸೈನಿಕರು ಗೇಟು ತೆಗೆದು ಅರ್ಧ ಗಂಟೆ ಆಯ್ತು. ಎರಡಕ್ಕೆ ಮುಚ್ತಾರೆ. ಮುಚ್ಚಿದ್ರೆ ಮತ್ತೆ ಮೂರು ದಿನ ತೆಗೆಯಲ್ಲ. ಗೇಟಿನಾಚೆ ಆಸ್ಪತ್ರೇಲಿ ಔಷಧಿ ಖಾಲಿ. ನಿನ್ನ ಗಂಡನ ಕಾಲು ತೆಗೆದ ಕಡೆ ಕೀವು. ಎಷ್ಟು ಸಲ ಹೇಳ್ತೀಯ? ನೀನು ನರ್ಸು, ಸರಿ. ನಾನೂ ಕಿವುಡ ಅಲ್ಲ.

ಏನಾಗಿದೆ ಅಂತೀಯಾ?

ಫ್ಯೂಸು, ಇನ್ನೇನು. ಹೋದ ಸಲದ್ದೇ ರೋಗ. ಆವತ್ತೂ ಇದೇ ಗೇಟು, ನಂದೇ ಸರದಿ. ಜಪ್ಪಯ್ಯ ಅಂದ್ರೂ ಅಲ್ಲಾಡ್ಲಿಲ್ಲ. ನಿನ್ನ ಗಂಡ ಹಿಂದಿನ ಲಾರಿಯಿಂದ ಇಳಿದು ಬಂದ. 'ಮಾವ, ರಿಪೇರಿ ಮಾಡ್ಕೊಂಡು ಕೊನೇಲಿ ಬನ್ನಿ, ನಾನು ಮುಂದೆ ಹೋಗ್ತೀನಿ' ಅಂದ. 'ಈ ಡಬ್ಬಾಕ್ಕೆ ಪಿಂಚಣಿ ಕೊಡ್ಸಿ' ಅಂತ ನಕ್ಕ. ಹತ್ತು ನಿಮಿಷ ಆಗಿರ್ಲಿಲ್ಲ...

ಬಿಡು. ಆ ಸದ್ದು ನೀನು ಕೇಳಿಲ್ಲ. ಒಳ್ಳೇದಾಯ್ತು.

ಕನ್ನಡಕ ಕೊಡು, ಫ್ಯೂಸಿನ ಡಬ್ಬಿ ನೋಡ್ತೀನಿ. ಕೋಟಲ್ಲಿದೆ. ಆ ಜೇಬಲ್ಲ. ಆ ಜೇಬಲ್ಲಮ್ಮಾ, ಕೈ ತೆಗಿ...

ಅದು ಹಳೇ ಫ್ಯೂಸು. ಸುಟ್ಟಿರೋದು. ಬಿಸಾಕೋಣ ಅಂತ ಇಟ್ಕೊಂಡಿದ್ದೆ. ಬೆಳಕಿಗೆ ಹಿಡಿದು ಏನು ನೋಡ್ತೀಯ? ಒಳಗೆ ತಂತಿ ಕಡಿದಿದೆ.

...ಹೂಂ. ಕಡಿದಿಲ್ಲ.

ನಾನೇ ಕಿತ್ತಿದ್ದು. ಬೆಳಿಗ್ಗೆ, ನೀನು ಔಷಧಿ ಡಬ್ಬಗಳನ್ನ ಕಟ್ತಿದ್ದಾಗ. ಕೊನೇ ಲಾರೀಲಿ ಕೂರು ಅಂದೆ, ಕೇಳಿದ್ಯಾ? ಯಾವ ಅಪ್ಪ ಮಗಳನ್ನ ಪಕ್ಕಕ್ಕೆ ಕೂರಿಸ್ಕೊಂಡು ಆ ಮಣ್ಣು ತುಳೀತಾನೆ? ನಿನಗೋಸ್ಕರ ಕಿತ್ತೆ. ಇವತ್ತೊಂದು ಸಲ.

ಬೈಯಿ. ಬೈದುಬಿಡು, ಮುಗೀಲಿ.

ಫ್ಯೂಸು ಯಾಕೆ ಮುಷ್ಟೀಲಿ ಬಿಗಿ ಹಿಡಿದೆ? ಇವತ್ತೊಂದೇ ಸಲ ಅಂದ್ನಲ್ಲ.

ಹೋದ ಸಲಾನಾ?...

ಹೌದು. ಆವತ್ತು ನೀನಿರ್ಲಿಲ್ಲ. ಆವತ್ತು ಈ ಸೀಟು ಖಾಲಿ ಇತ್ತು. ನನಗೆ ಹೆದರಿಕೆ ಆಯ್ತು, ಅಷ್ಟೇ. ಯಾರೂ ಬಲವಂತ ಮಾಡಿರ್ಲಿಲ್ಲ, ಈ ಕೆಲಸಕ್ಕೆ ನಾನಾಗೇ ಬಂದವನು. ಆಗಲ್ಲ ಅಂತ ಒಂದು ಮಾತು ಹೇಳಿ ಮನೆಗೆ ಹೋಗ್ಬೋದಿತ್ತು. ಹೇಳೋಕೆ ನಾಚಿಕೆ. ಯಾರೋ ಒಬ್ಬರು ಮುಂದೆ ಹೋಗ್ತಾರೆ ಅಂದ್ಕೊಂಡೆ. ಇವನೇ ಬರ್ತಾನೆ ಅಂತ... ಬಂದಾಗ ಬೇಡ ಅನ್ಬೋದಿತ್ತು. ಕಿತ್ತ ಫ್ಯೂಸು ನನ್ನ ಮುಷ್ಟೀಲೇ ಇತ್ತು. ಅನ್ನಲಿಲ್ಲ.

ಕೊಡು ಇಲ್ಲಿ. ಬೆರಳು ಬಿಡು. ಹಾಕ್ತೀನಿ.

ಹೂಂ, ಸ್ಟಾರ್ಟ್ ಆಯ್ತು. ಇನ್ನು ನೀನು ಇಳಿ. ಕೊನೇ ಲಾರೀಲಿ ಬಾ.

ಇಳಿಯಲ್ವಾ?

...ನಿನ್ನ ಗಂಡನಿಗೆ ನೀನು ಹೇಳ್ತೀಯಾ, ನಾನು ಹೇಳ್ಲಾ?

ಸರಿ. ನಾನೇ ಹೇಳ್ತೀನಿ.