ತೊಳೆದಿಟ್ಟ ಡಬ್ಬಿ

ಓಟಗಾರರ ಉಸಿರು ಅಳೆಯುವ ಕೋಣೆಯ ಹೊರಗೆ ನನ್ನ ಸರದಿಗೆ ಕಾಯುತ್ತಿದ್ದೆ. ಪಕ್ಕದಲ್ಲಿ ಗಂಡ ಹೆಂಡತಿ ಕೂತಿದ್ದರು; ಮಗಳು ಒಳಗೆ. ಪರೀಕ್ಷೆ ಮಾಡುವವರು ಬಂದು ಹೆಂಡತಿಗೆ ಮೆಲ್ಲಗೆ ಏನೋ ಹೇಳಿ ಹೋದರು.

“ಏನಂತೆ?”

“ಎಳೆದುಕೊಂಡ ಆಮ್ಲಜನಕದಷ್ಟೇ ಇಂಗಾಲದ ಡೈಆಕ್ಸೈಡು ಹೊರಗೆ ಬಂದ್ರೆ, ಮೈ ಊಟದ ಸಕ್ಕರೆ ಸುಡ್ತಿದೆ ಅಂತ. ತೀರಾ ಕಡಿಮೆ ಬಂದ್ರೆ ಕೊಬ್ಬು. ಇವಳದು ಬರೀ ಕೊಬ್ಬಂತೆ.”

“ಒಳ್ಳೇದೇ ಅಲ್ವಾ?”

“ಏನು ಒಳ್ಳೇದು ರೀ? ಸುಮ್ನೆ ಮಲಗಿದ್ದಾಗಲೂ ಹಾಗಿದ್ರೆ, ಹೊಟ್ಟೆಗೆ ಏನೂ ಬಿದ್ದಿಲ್ಲ ಅಂತ.”

“ಬೆಳಿಗ್ಗೆ ಅಭ್ಯಾಸಕ್ಕೆ ಹೋಗುವಾಗ ಕಳಿಸಿದ ತಿಂಡಿ ಡಬ್ಬಿ ಖಾಲಿ ಬಂತಲ್ಲ.”

“ತೊಳೆದು ಬಂತು. ನಿಮ್ಮ ಮಗಳು ಯಾವತ್ತು ಡಬ್ಬಿ ತೊಳೆದವಳು?”

ಗಂಡ ಮುಚ್ಚಿದ ಬಾಗಿಲ ಕಡೆ ನೋಡಿದರು.

“ಮೊನ್ನೆ ಓಟ ಮುಗಿದಾಗ ಅವಳಿಗೆ ‘ಮೈ ಭಾರ ಆಗಿದೆ, ಅದಕ್ಕೇ ಸೋತೆ’ ಅಂದಿದ್ದೆ. ತಮಾಷೆಗೆ ಕಣೇ.”

“ಅಂದವರು ನೀವು. ಹಲ್ಲು ಕಿರಿದವಳು ನಾನು.”

ಬಾಗಿಲು ತೆರೆದು ಹುಡುಗಿ ಬಂದಳು. ತಾಯಿ ನೆಲ ನೋಡುತ್ತಿದ್ದರು. ತಂದೆ ಎದ್ದು ಮಗಳ ಚೀಲವನ್ನು ತಾವೇ ಹೆಗಲಿಗೇರಿಸಿಕೊಂಡರು.

“ನಂಗೆ ಹಸಿವು. ನಡಿ, ಮೂವರೂ ಏನಾದ್ರೂ ತಿನ್ನೋಣ.”

“ನಂದಾಯ್ತಲ್ಲ ಅಪ್ಪ. ಡಬ್ಬಿ ನೋಡಿಲ್ವಾ?”

ಮೆಟ್ಟಿಲಿಳಿಯುತ್ತ ತಂದೆ ಹೇಳಿದ್ದು ನನಗೂ ಕೇಳಿಸಿತು.

“ಈಗ ನೋಡಿದೆ, ಪುಟ್ಟಿ.”